ನೋವು ಹೋಯಿತೆಂದು ಬಕೆಟ್ ಎತ್ತಬೇಡಿ
ಆಪರೇಷನ್ ಆದಮೇಲೆ ಕೆಲಸಕ್ಕೆ ಹೋಗಲಾಗದ ವಾರಗಳನ್ನು ದಾಟುವುದು ಹೇಗೆ?

ಹರ್ನಿಯಾ ಆಪರೇಷನ್ ಆಗಿ ಹದಿನೆಂಟನೇ ದಿನ. ಹೊಲಿಗೆ ಬಿಚ್ಚಿ ಆಗಿತ್ತು. ಗಾಯ ಒಣಗಿ ಒಂದು ಗೆರೆಯಷ್ಟೇ ಉಳಿದಿತ್ತು. ನೋವಿನ ಮಾತ್ರೆ ನಿಲ್ಲಿಸಿ ನಾಲ್ಕು ದಿನವಾಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನೀರು ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಎತ್ತಿದೆ. ತೊಡೆಸಂದಿನೊಳಗೆ ಏನೋ ಜಗ್ಗಿದ ಹಾಗಾಯಿತು. ಅಲ್ಲೇ ಇಳಿಸಿ, ಗೋಡೆ ಹಿಡಿದು, ಬೆವರೊರೆಸಿಕೊಂಡು ಕೂತೆ. ಪುಣ್ಯಕ್ಕೆ ಏನೂ ಕಿತ್ತುಹೋಗಿರಲಿಲ್ಲ. ಮರುದಿನ ತೋರಿಸಲು ಹೋದರೆ ಡಾಕ್ಟರು ಬೈಯಲಿಲ್ಲ. "ನಿಮಗೆ ಕಾಣುತ್ತಿರುವುದು ಚರ್ಮ. ನಾನು ರಿಪೇರಿ ಮಾಡಿರುವುದು ಅದಕ್ಕಿಂತ ಮೂರು ಪದರ ಕೆಳಗೆ" ಎಂದರು, ಅಷ್ಟೇ.

ಆಪರೇಷನ್ ಮಾಡಿಸಿಕೊಂಡವರು ಎಡವುವುದು ಹೆಚ್ಚಾಗಿ ಇಲ್ಲೇ. ನೋವು ಜೋರಾಗಿರುವಾಗ ಯಾರೂ ತಪ್ಪು ಮಾಡುವುದಿಲ್ಲ, ದೇಹವೇ ಬಿಡುವುದಿಲ್ಲ. ನೋವು ಹೋಗಿ, ಒಳಗಿನ ಗಾಯ ಇನ್ನೂ ಗಟ್ಟಿಯಾಗದ ನಾಲ್ಕೈದು ವಾರಗಳೇ ಮೋಸದ ವಾರಗಳು. ರಜೆ ಎಷ್ಟು ಹಾಕಬೇಕು, ದುಡ್ಡಿಗೆ ಏನು ಮಾಡಬೇಕು, ಮನೆಯಲ್ಲಿ ಯಾರಿಗೆ ಏನು ಹೇಳಬೇಕು ಎಂಬುದನ್ನೆಲ್ಲ ಆ ವಾರಗಳನ್ನು ಲೆಕ್ಕಕ್ಕೆ ಹಿಡಿದೇ ಯೋಚಿಸಬೇಕು.

ಹೆಜ್ಜೆ 1: ಗಾಯದ ಕ್ಯಾಲೆಂಡರ್ ತಿಳಿದುಕೊಳ್ಳಿ

ಕತ್ತರಿಸಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲಿನ ಕೆಲವು ದಿನ ಊತ, ಬಿಸಿ, ಕೆಂಪು. ಸತ್ತ ಜೀವಕೋಶಗಳನ್ನೂ ರೋಗಾಣುಗಳನ್ನೂ ದೇಹ ಗುಡಿಸಿ ಹಾಕುವ ಹಂತ ಅದು. ಸುಮಾರು ನಾಲ್ಕನೇ ದಿನದಿಂದ ಮೂರು ವಾರದವರೆಗೆ ಕೊಲಾಜೆನ್ ಎಂಬ ನಾರು ನೇಯ್ದುಕೊಳ್ಳುತ್ತದೆ, ಆದರೆ ಈ ನೇಯ್ಗೆ ಅವಸರದ್ದು. ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅವನ್ನು ಬಿಚ್ಚಿ, ಎಳೆತ ಬೀಳುವ ದಿಕ್ಕಿಗೆ ಹೊಂದಿಸಿ, ಮತ್ತೆ ಬಿಗಿಯಾಗಿ ಹೆಣೆಯುವ ಕೆಲಸ ಅಲ್ಲಿಂದ ಶುರುವಾಗಿ ಒಂದು ವರ್ಷದವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಡೆಯುತ್ತದೆ.

ಬಲದ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಮೊದಲ ವಾರದ ಕೊನೆಗೆ ಗಾಯಕ್ಕೆ ಸ್ವಂತ ಬಲ ಇಲ್ಲವೆಂದೇ ಹೇಳಬಹುದು, ಅದನ್ನು ಹಿಡಿದಿರುವುದು ಹೊಲಿಗೆ. ಮೂರನೇ ವಾರಕ್ಕೆ ಮೊದಲಿದ್ದ ಬಲದ ಶೇ 20ರಿಂದ 30. ಮೂರು ತಿಂಗಳಿಗೆ ಸುಮಾರು ಶೇ 80. ನೂರಕ್ಕೆ ನೂರು ಎಂದೂ ಆಗುವುದಿಲ್ಲ. ಹೊಲಿಗೆಯನ್ನೋ, ಮುಖದ ಮೇಲಾದರೆ ಐದಾರು ದಿನಕ್ಕೇ ಬಿಚ್ಚುತ್ತಾರೆ, ಹೊಟ್ಟೆ, ಕೈಕಾಲು ಆದರೆ ಹತ್ತರಿಂದ ಹದಿನಾಲ್ಕು ದಿನಕ್ಕೆ. ಹೊಲಿಗೆ ಬಿಚ್ಚಿದರು ಎಂದರೆ ಚರ್ಮ ಕೂಡಿಕೊಂಡಿದೆ ಎಂದಷ್ಟೇ ಅರ್ಥ.

ದರ್ಶಕ ಯಂತ್ರದ, ಅಂದರೆ ಲ್ಯಾಪರೋಸ್ಕೋಪಿ ಆಪರೇಷನ್ ಮಾಡಿಸಿಕೊಂಡವರಿಗೆ ಈ ಮೋಸ ಇನ್ನೂ ಹೆಚ್ಚು. ಹೊರಗೆ ಮೂರು ನಾಲ್ಕು ತೂತು, ಅಷ್ಟೇ. "ಇಷ್ಟಕ್ಕೆ ಇಷ್ಟು ದಿನ ರಜೆಯಾ?" ಎಂದು ನೋಡಿದವರು ಕೇಳಿಯೇ ಕೇಳುತ್ತಾರೆ. ಪಿತ್ತಕೋಶವನ್ನು ತೂತಿನಿಂದ ತೆಗೆದರೂ ಕತ್ತರಿಸಿದ್ದು ಪಿತ್ತಕೋಶವನ್ನೇ ಅಲ್ಲವೆ!

ಹೆಜ್ಜೆ 2: ಡಾಕ್ಟರಿಗೆ ಸರಿಯಾದ ಪ್ರಶ್ನೆ ಕೇಳಿ

"ಯಾವಾಗ ಕೆಲಸಕ್ಕೆ ಹೋಗಬಹುದು?" ಎಂದು ಕೇಳಿದರೆ "ಒಂದು ತಿಂಗಳು ಬಿಟ್ಟು ನೋಡೋಣ" ಎಂಬ ಉತ್ತರ ಬರುತ್ತದೆ. ತಪ್ಪು ಡಾಕ್ಟರದಲ್ಲ. ನಿಮ್ಮ ಕೆಲಸ ಎಂದರೆ ಏನು ಎಂದು ಅವರಿಗೆ ಗೊತ್ತಿಲ್ಲ. ಶಿಕ್ಷಕಿ ಎಂದರೆ ಕುರ್ಚಿಯಲ್ಲಿ ಕೂತು ಪಾಠ ಮಾಡುವವರೆಂದು ಅವರು ತಿಳಿದಿರಬಹುದು. ನೀವು ದಿನಕ್ಕೆ ಆರು ಗಂಟೆ ನಿಂತೇ ಇರುವವರು, ಮೂರನೇ ಮಹಡಿಗೆ ನಾಲ್ಕು ಸಲ ಹತ್ತುವವರು.

ಆದ್ದರಿಂದ ಒಂದು ಹಾಳೆಯಲ್ಲಿ ನಿಮ್ಮ ಒಂದು ದಿನದ ಕೆಲಸ ಬರೆದುಕೊಂಡು ಹೋಗಿ. ಎಷ್ಟು ಹೊತ್ತು ಕೂರುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಎತ್ತುವ ಅತಿ ಭಾರದ ವಸ್ತು ಎಷ್ಟು ಕಿಲೋ, ಕೈ ತಲೆಯ ಮೇಲಕ್ಕೆ ಎತ್ತಬೇಕೆ, ಬಗ್ಗಬೇಕೆ, ಹೋಗಿಬರಲು ಎಷ್ಟು ಹೊತ್ತು, ಯಾವ ವಾಹನದಲ್ಲಿ. ಆಮೇಲೆ ಒಂದೊಂದಕ್ಕೂ ವಾರದ ಲೆಕ್ಕದಲ್ಲಿ ಉತ್ತರ ಕೇಳಿ. ಮೊದಲೇ ದಿನ ಗೊತ್ತುಮಾಡಿ ಮಾಡಿಸಿಕೊಳ್ಳುವ ಆಪರೇಷನ್ ಆದರೆ ಈ ಮಾತುಕತೆ ಆಪರೇಷನ್ನಿಗೆ ಮುಂಚೆಯೇ ಆಗಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಬಿಲ್ಲು, ಔಷಧಿ, ವಾಹನ ಎಂದು ಓಡಾಡುವಾಗ ಯಾರ ತಲೆಗೂ ಏನೂ ಹತ್ತುವುದಿಲ್ಲ.

ಅಂದಾಜಿಗೆ ಹೇಳುವುದಾದರೆ, ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶವನ್ನೋ ಅಪೆಂಡಿಕ್ಸನ್ನೋ ತೆಗೆಸಿಕೊಂಡವರು ಒಂದೆರಡು ವಾರಕ್ಕೆ ಕುರ್ಚಿಯ ಕೆಲಸಕ್ಕೆ ಮರಳುತ್ತಾರೆ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದರೆ ಆರರಿಂದ ಎಂಟು ವಾರ. ಬೈಪಾಸ್ ಆದವರ ಎದೆಮೂಳೆ ತಕ್ಕಮಟ್ಟಿಗೆ ಕೂಡಿಕೊಳ್ಳುವುದಕ್ಕೇ ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಮಂಡಿ ಬದಲಿ ಮಾಡಿಸಿಕೊಂಡವರಿಗೆ ಕೂತು ಮಾಡುವ ಕೆಲಸಕ್ಕೂ ಒಂದೂವರೆ ತಿಂಗಳು ಹಿಡಿಯಬಹುದು, ಮೈಮುರಿಯುವ ಕೆಲಸವಾದರೆ ಮೂರು ತಿಂಗಳು. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಈ ಲೆಕ್ಕವನ್ನು ಮುಂದಕ್ಕೆ ತಳ್ಳುತ್ತವೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಗಾಯಕ್ಕೆ ಹೋಗಬೇಕಾದ ಆಮ್ಲಜನಕ ಹೋಗುವುದಿಲ್ಲ. ಸಿಗರೇಟು ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಹೆಜ್ಜೆ 3: ರಜೆಯನ್ನು ಜಿಪುಣತನದಿಂದ ಕೇಳಬೇಡಿ

ಹತ್ತು ದಿನ ಎಂದು ಹೇಳಿ, ಆಮೇಲೆ ಇನ್ನೊಂದು ವಾರ, ಮತ್ತೆ ಇನ್ನೊಂದು ವಾರ ಎಂದು ಎಳೆಯುವವರನ್ನು ಕಂಡರೆ ಮೇಲಿನವರಿಗೆ ಸಿಟ್ಟು. ಒಂದೇ ಸಲ ಐದು ವಾರ ಎಂದು ಹೇಳಿ ನಾಲ್ಕೇ ವಾರಕ್ಕೆ ಬಂದವರನ್ನು ಕಂಡರೆ ಸಂತೋಷ. ರಜೆಯ ಅರ್ಜಿಯಲ್ಲಿ "ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ; ಇಂಥ ದಿನ ಡಾಕ್ಟರ ಮರುಪರೀಕ್ಷೆ ಇದೆ, ಆಗ ಖಚಿತ ತಾರೀಕು ತಿಳಿಸುತ್ತೇನೆ" ಎಂದು ಬರೆದರೆ ಎರಡೂ ಕಡೆಗೆ ನೆಮ್ಮದಿ. ಯಾವ ಅಂಗಕ್ಕೆ ಏನಾಯಿತು ಎಂಬ ವಿವರ ಸಹೋದ್ಯೋಗಿಗಳಿಗೆಲ್ಲ ಬೇಕಿಲ್ಲ.

ಅರಿವಳಿಕೆ ಕೊಟ್ಟ 24 ಗಂಟೆಯೊಳಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ವಾಹನ ಓಡಿಸಬೇಡಿ, ಆಫೀಸಿನ ಫೋನಿಗೆ ಉತ್ತರಿಸಬೇಡಿ. ಎಚ್ಚರವಾಗಿದ್ದೇನೆ ಎನ್ನಿಸುತ್ತದೆ, ಆದರೆ ಮಂಪರು ಪೂರ್ತಿ ಇಳಿದಿರುವುದಿಲ್ಲ. ಮೊದಲ ವಾರ ಲ್ಯಾಪ್‌ಟಾಪನ್ನು ಮಂಚದ ಹತ್ತಿರ ಸುಳಿಯಲೂ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ. ಮನೆಯಿಂದಲೇ ಕೆಲಸ ಎಂಬ ಅನುಕೂಲ ಬಂದಮೇಲೆ ಜನ ಡ್ರೆಸಿಂಗ್ ಹಾಕಿಕೊಂಡೇ ಮೀಟಿಂಗಿಗೆ ಕೂರುತ್ತಿದ್ದಾರೆ.

ಹೆಜ್ಜೆ 4: ದುಡ್ಡಿನ ಲೆಕ್ಕ ಹಾಸಿಗೆ ಹಿಡಿಯುವ ಮುಂಚೆ

ಕಾಯಿಲೆ ಬಿದ್ದ ಕಾರ್ಮಿಕನ ಕೂಲಿ ನಿಲ್ಲಬಾರದು ಎಂಬ ವಿಚಾರವನ್ನು ಮೊದಲು ದೇಶವ್ಯಾಪಿ ಕಾನೂನಾಗಿ ತಂದದ್ದು ಜರ್ಮನಿ, 1883ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1952ರ ಒಪ್ಪಂದದಲ್ಲಿ ಕಾಯಿಲೆಯ ಭತ್ಯೆ ಕೂಲಿಯ ಕನಿಷ್ಠ ಶೇ 45ರಷ್ಟಿರಬೇಕು ಎಂದಿತು, 1969ರ ಒಪ್ಪಂದದಲ್ಲಿ ಅದನ್ನು ಶೇ 60ಕ್ಕೆ ಏರಿಸಿತು. ಭತ್ಯೆ ಶುರುವಾಗುವ ಮುಂಚೆ ಮೂರು ದಿನ ಕಾಯಿಸಲು ಅವಕಾಶವನ್ನೂ ಇಟ್ಟಿತು. ಒಪ್ಪಂದಕ್ಕೆ ಎಲ್ಲ ದೇಶಗಳೂ ಸಹಿ ಹಾಕಿಲ್ಲ. ಹಾಕಿದ ಕಡೆಯೂ ದಿನಗೂಲಿಯವರು, ಸ್ವಂತ ಅಂಗಡಿ ಇಟ್ಟವರು ಅದರ ಹೊರಗೇ ಉಳಿಯುವುದುಂಟು. ಆದ್ದರಿಂದ ನಿಮಗೆ ಏನು ಸಿಗುತ್ತದೆ ಎಂಬುದನ್ನು ಮೂರು ಕಡೆ ವಿಚಾರಿಸಿ: ಕೆಲಸ ಕೊಟ್ಟವರು, ಸರ್ಕಾರದ ಯೋಜನೆ, ನೀವೇ ಮಾಡಿಸಿದ ವಿಮೆ. ಆಸ್ಪತ್ರೆ ಖರ್ಚು ಕೊಡುವ ವಿಮೆ ಬೇರೆ, ದುಡಿಯಲಾಗದ ದಿನಗಳಿಗೆ ದುಡ್ಡು ಕೊಡುವ ವಿಮೆ ಬೇರೆ. ಎರಡೂ ಒಂದೇ ಎಂದು ತಿಳಿದು ಮೋಸ ಹೋದವರು ಬಹಳ.

ರಜೆಯ ಅವಧಿಯಲ್ಲಿ ಬರುವ ಕಂತು, ಬಾಡಿಗೆ, ಫೀಸುಗಳ ತಾರೀಕು ಗುರುತು ಹಾಕಿ. ಯಾವುದಾದರೂ ತಪ್ಪುವ ಹಾಗಿದ್ದರೆ, ತಪ್ಪುವ ಮುಂಚೆಯೇ ಹೋಗಿ ಹೇಳಿ. ಮೊದಲೇ ಬಂದು ಹೇಳಿದವನಿಗೆ ಸಾಲ ಕೊಟ್ಟವರು ಎರಡು ತಿಂಗಳ ದಾರಿ ತೋರಿಸಬಹುದು. ಕಂತು ತಪ್ಪಿಸಿ ಫೋನ್ ಎತ್ತದವನಿಗೆ ತೋರಿಸುವುದಿಲ್ಲ. ಬಿಲ್ಲು, ಔಷಧಿ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು ಫೋನಿನಲ್ಲಿ ಫೋಟೊ ಹಿಡಿದುಕೊಳ್ಳಿ.

ಹೆಜ್ಜೆ 5: ಮನೆ ಸಜ್ಜು ಮಾಡಿ

ಇದಕ್ಕೆ ಒಂದು ಮಧ್ಯಾಹ್ನ ಸಾಕು. ದಿನ ಬಳಸುವ ಸಾಮಾನೆಲ್ಲ ಸೊಂಟಕ್ಕಿಂತ ಕೆಳಗೂ ಇರಬಾರದು, ಭುಜಕ್ಕಿಂತ ಮೇಲೂ ಇರಬಾರದು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಾಲಿಗೆ ತೊಡರುವ ಚಾಪೆ, ವೈರು ತೆಗೆಯಿರಿ, ರಾತ್ರಿ ಸಣ್ಣ ದೀಪ ಇರಲಿ. ಕೈಯೂರಿ ಏಳಲು ಬರುವ ಗಟ್ಟಿ ಕುರ್ಚಿ ಒಂದು ಬೇಕು, ಒಳಕ್ಕೆ ಕುಸಿಯುವ ಸೋಫಾ ಬೇಡವೇ ಬೇಡ. ಮೊದಲ ರಾತ್ರಿ ಒಬ್ಬರಾದರೂ ಜೊತೆಗಿರಬೇಕು.

ಹೆಜ್ಜೆ 6: ಮೊದಲ ವಾರ

ಎದ್ದೇಳುವ ವಿದ್ಯೆಯನ್ನು ಮೊದಲು ಕಲಿಯಿರಿ. ಹೊಟ್ಟೆಯ ಆಪರೇಷನ್ ಆದವರು ಅಂಗಾತ ಮಲಗಿದಲ್ಲಿಂದ ನೇರ ಎದ್ದು ಕೂತರೆ ಎಳೆತವೆಲ್ಲ ಗಾಯದ ಮೇಲೆ. ಮಂಡಿ ಮಡಚಿ, ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಬಿಡುತ್ತ ಮೊಣಕೈ ಊರಿ ಮೇಲೇಳಿ. ಕೂತಲ್ಲೇ ಒಂದು ನಿಮಿಷ ತಡೆದು, ತಲೆ ಸುತ್ತುತ್ತಿಲ್ಲ ಎಂದಾದ ಮೇಲೆ ನಿಲ್ಲಿ. ಕೆಮ್ಮು, ಸೀನು ಬಂದರೆ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಿರಿ. ಕೆಮ್ಮನ್ನು ತಡೆಯಬೇಡಿ. ಶ್ವಾಸಕೋಶದಲ್ಲಿ ಕಫ ನಿಂತರೆ ನ್ಯುಮೋನಿಯಾಕ್ಕೆ ದಾರಿ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ದೀರ್ಘ ಉಸಿರು, ಹತ್ತು ಸಲ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು. ಈ ಪಾದದ ಆಟ ಕಾಲಿನ ರಕ್ತನಾಳಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟದಂತೆ ಮಾಡುವ ಸಣ್ಣ ಪಂಪು.

ಹಿಂದೆಲ್ಲ ಆಪರೇಷನ್ ಆದವರನ್ನು ವಾರಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಅದು ತಪ್ಪೆಂದು ತಿಳಿಯಲು ಕಾಲ ಹಿಡಿಯಿತು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ, ರೋಗಿಯನ್ನು ಬೇಗ ಎಬ್ಬಿಸಿ ನಡೆಸುವುದು, ಬೇಗ ಊಟ ಕೊಡುವುದು, ನೋವನ್ನು ಸರಿಯಾಗಿ ಹತೋಟಿಯಲ್ಲಿಡುವುದು ಎಂಬ ಕ್ರಮಗಳನ್ನೆಲ್ಲ ಒಟ್ಟುಗೂಡಿಸಿದರು. ಈಗ ಬಹಳ ಆಸ್ಪತ್ರೆಗಳಲ್ಲಿ ಅದೇ ರೂಢಿ. ಮಲಗಿದ್ದರೆ ಆಗುವ ನಷ್ಟವೂ ಸಣ್ಣದಲ್ಲ. ಆರೋಗ್ಯವಾಗಿದ್ದ ವೃದ್ಧರನ್ನು ಬರೀ 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಅಧ್ಯಯನವೊಂದರಲ್ಲಿ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ಹಾಗಾಗಿ ವಿಶ್ರಾಂತಿ ಎಂದರೆ ಮಲಗಿರುವುದಲ್ಲ. ದಿನಕ್ಕೆ ಐದಾರು ಸಲ ಐದೈದು ನಿಮಿಷ ಮನೆಯೊಳಗೇ ನಡೆಯಿರಿ.

ನೋವಿನ ಮಾತ್ರೆಯನ್ನು ನೋವು ಬರಲಿ ಎಂದು ಕಾಯದೆ, ಮೊದಲ ಕೆಲವು ದಿನ ಬರೆದುಕೊಟ್ಟ ಹೊತ್ತಿಗೇ ನುಂಗಿ. ನೋವು ತಡೆದುಕೊಂಡು ಮಲಗಿದವನು ಉಸಿರನ್ನೂ ಪೂರ್ತಿ ಎಳೆಯುವುದಿಲ್ಲ, ನಡೆಯುವುದೂ ಇಲ್ಲ. ಆದರೆ ಪ್ಯಾರಾಸಿಟಮಾಲ್ ಲೆಕ್ಕವಿಡಿ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ, ಅದೇ ಗಡಿ. ತೂಕ ಕಡಿಮೆ ಇದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಅದೇ ಪ್ಯಾರಾಸಿಟಮಾಲ್ ಅಡಗಿರುತ್ತದೆ ಎಂಬುದು ನೆನಪಿರಲಿ. ಟ್ರಮಡಾಲ್‌ನಂಥ ಬಲವಾದ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಬಂದೇ ಬರುತ್ತದೆ ಎಂದು ತಿಳಿದು, ಅದಕ್ಕೂ ಔಷಧಿ ಮೊದಲೇ ಕೇಳಿ ಪಡೆಯಿರಿ. ತಿಣುಕುವುದು ಭಾರ ಎತ್ತಿದಷ್ಟೇ ಕೆಟ್ಟದ್ದು.

ಲ್ಯಾಪರೋಸ್ಕೋಪಿ ಆದವರಿಗೆ ಭುಜದ ತುದಿ ನೋಯುವುದುಂಟು. ಹೊಟ್ಟೆಗೆ ಭುಜಕ್ಕೆ ಏನು ಸಂಬಂಧ ಎಂದು ಗಾಬರಿಯಾಗಬೇಡಿ. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಕೆಣಕಿರುತ್ತದೆ, ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಕಡೆಯಿಂದ ಹೊರಟವು. ಎರಡು ಮೂರು ದಿನದಲ್ಲಿ ಹೋಗುತ್ತದೆ.

ಗಾಯವನ್ನು ಒಣಗಿಸಿಟ್ಟುಕೊಳ್ಳುವುದಷ್ಟೇ ನಿಮ್ಮ ಕೆಲಸ. ಸಾಮಾನ್ಯವಾಗಿ ಎರಡು ದಿನದ ಮೇಲೆ ಮೈಮೇಲೆ ನೀರು ಹಾಕಿಕೊಳ್ಳಲು ಬಿಡುತ್ತಾರೆ, ತೊಟ್ಟಿಯಲ್ಲಿ, ಈಜುಕೊಳದಲ್ಲಿ ನೆನೆಯುವುದು ಮಾತ್ರ ಸಲ್ಲದು. ಉಜ್ಜದೆ ಒತ್ತಿ ಒರೆಸಿ. ಹೇಳದ ಮುಲಾಮು, ಪುಡಿ ಏನನ್ನೂ ಹಚ್ಚಬೇಡಿ, ಯಾರು ಎಷ್ಟೇ ಆಣೆ ಹಾಕಿ ಹೇಳಲಿ.

ಯಾವಾಗ ಕಾಯಬಾರದು

ಎದೆ ನೋವು, ಇದ್ದಕ್ಕಿದ್ದಂತೆ ಏದುಸಿರು, ಕೆಮ್ಮಿದರೆ ರಕ್ತ, ಇವು ಬಂದರೆ ಹೊತ್ತು ನೋಡದೆ ತುರ್ತು ಚಿಕಿತ್ಸೆಗೆ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಂದೇ ತೋರಿಸಿ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಈ ಅಪಾಯ ಆಪರೇಷನ್ ಆಗಿ ಹಲವು ವಾರಗಳವರೆಗೂ ಇರುತ್ತದೆ. ಮೊದಲೆರಡು ದಿನ ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ, ಆಮೇಲೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಹಜವಲ್ಲ. ಗಾಯದ ಸುತ್ತ ಕೆಂಪು ಹರಡುವುದು, ಕೀವು, ವಾಸನೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ನಿಲ್ಲದ ವಾಂತಿ, ಆರೆಂಟು ಗಂಟೆಯಾದರೂ ಮೂತ್ರ ಹೋಗದಿರುವುದು, ಇವೆಲ್ಲ ಫೋನ್ ಮಾಡಬೇಕಾದ ಸಂಗತಿಗಳು. ಹೊಟ್ಟೆಯ ಗಾಯದಿಂದ ಐದರಿಂದ ಹತ್ತನೇ ದಿನದ ನಡುವೆ ತಿಳಿಗೆಂಪು ನೀರು ಒಮ್ಮೆಲೇ ಸುರಿದರೆ ಒಳಪದರ ಬಿಟ್ಟುಕೊಂಡಿರಬಹುದು. ಸ್ವಚ್ಛ ಬಟ್ಟೆ ಒದ್ದೆ ಮಾಡಿ ಮುಚ್ಚಿ, ಮಲಗಿಕೊಂಡೇ ಆಸ್ಪತ್ರೆಗೆ ಹೋಗಿ. "ರಾತ್ರಿ ಹೊತ್ತು ಡಾಕ್ಟರಿಗೆ ಯಾಕೆ ತೊಂದರೆ" ಎಂಬ ಸಂಕೋಚ ಇಲ್ಲಿ ಬೇಡ.

ಹೆಜ್ಜೆ 7: ಮೋಸದ ವಾರಗಳು

ಎರಡನೇ ವಾರದಿಂದ ಆರನೇ ವಾರದವರೆಗಿನ ಕಾಲ ಇದು. ದೊಡ್ಡ ಆಪರೇಷನ್ ಆದವರಿಗೆ ಎತ್ತುವ ಮಿತಿ ಸಾಮಾನ್ಯವಾಗಿ 4ರಿಂದ 5 ಕಿಲೋ. ಕೇಳಲು ಸುಲಭ, ಮನೆಯಲ್ಲಿ ನಿಂತು ನೋಡಿದರೆ ಕಷ್ಟ. ಒಂದು ಲೀಟರ್ ನೀರು ಒಂದು ಕಿಲೋ, ಹದಿನೈದು ಲೀಟರಿನ ಬಕೆಟ್ ಹದಿನೈದು ಕಿಲೋ. ಒಂದು ವರ್ಷದ ಮಗು ಒಂಬತ್ತು ಹತ್ತು ಕಿಲೋ. ಮಗುವನ್ನು ಎತ್ತಿಕೊಳ್ಳಬೇಡಿ, ನೀವು ಕೂತುಕೊಳ್ಳಿ, ಯಾರಾದರೂ ತೊಡೆಯ ಮೇಲೆ ತಂದು ಕೂರಿಸಲಿ. ಭಾರ ಎಳೆಯುವುದು, ತಳ್ಳುವುದು ಕೂಡ ಎತ್ತಿದ ಲೆಕ್ಕಕ್ಕೇ ಬರುತ್ತದೆ.

ಸುಸ್ತು ಇನ್ನೊಂದು ಸಮಸ್ಯೆ. ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕು ಎನ್ನಿಸುತ್ತದೆ. ಗಾಯ ಕೂಡಿಸಲು ದೇಹ ಪ್ರೋಟೀನನ್ನೂ ಶಕ್ತಿಯನ್ನೂ ಎಳೆದುಕೊಳ್ಳುತ್ತಿರುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಈ ಕಾಲದಲ್ಲಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಅರವತ್ತು ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಪಥ್ಯದ ಹೆಸರಿನಲ್ಲಿ ತಿಳಿನೀರು ಕುಡಿದುಕೊಂಡಿದ್ದರೆ ಇದು ಎಲ್ಲಿಂದ ಬರಬೇಕು?

ಸುಸ್ತು ಕಡಿಮೆ ಇರುವ ದಿನ ಬಾಕಿ ಕೆಲಸವನ್ನೆಲ್ಲ ಬಾಚಿ ಮಾಡಿ, ಮರುದಿನ ಏಳಲಾಗದೆ ಮಲಗುವುದು ಎಲ್ಲರೂ ಮಾಡುವ ತಪ್ಪು. ನನಗೆ ಕೆಲಸಕ್ಕೆ ಬಂದ ಲೆಕ್ಕ ಒಂದೇ: ಇಂದು ಮಾಡಿದ್ದು ಹೆಚ್ಚಾಯಿತೇ ಎಂದು ಇಂದು ತಿಳಿಯುವುದಿಲ್ಲ, ನಾಳೆ ಬೆಳಿಗ್ಗೆ ಕೇಳಬೇಕು. ಎದ್ದಾಗ ನಿನ್ನೆಗಿಂತ ನೋವು, ಊತ ಹೆಚ್ಚಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ಹಾಗೇ ಇದ್ದರೆ ಎರಡು ದಿನ ಅಷ್ಟನ್ನೇ ಮಾಡಿ, ಮೂರನೇ ದಿನ ಐದು ನಿಮಿಷ ಸೇರಿಸಿ. ಇದನ್ನು ಒಂದು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದಿಟ್ಟರೆ, ಏನೂ ಸುಧಾರಿಸಿಲ್ಲ ಎನ್ನಿಸುವ ಸಂಜೆಗಳಲ್ಲಿ ಹಿಂದಿನ ಪುಟ ತಿರುವಿ ನೋಡಬಹುದು.

ಅಂಥ ಸಂಜೆಗಳು ಬರುತ್ತವೆ. ದುಡಿಯುವವರಿಗೆ ಸುಮ್ಮನೆ ಕೂರುವುದು ಶಿಕ್ಷೆ. ಮನೆಯವರು ಓಡಾಡುವುದನ್ನು ನೋಡುತ್ತ ತಾನು ಭಾರವಾದೆ ಎನ್ನಿಸಿ, ಅದೇ ತಪ್ಪಿತಸ್ಥ ಭಾವದಲ್ಲಿ ಮಾಡಬಾರದ ಕೆಲಸಕ್ಕೆ ಕೈಹಾಕುತ್ತಾರೆ. ನನ್ನ ಬಕೆಟ್ಟಿನ ಹಿಂದಿದ್ದದ್ದೂ ಅದೇ. ಕೂತಲ್ಲೇ ಆಗುವ ಒಂದು ಮನೆಗೆಲಸವನ್ನು ನಿಮ್ಮದೆಂದು ತೆಗೆದುಕೊಳ್ಳಿ, ಲೆಕ್ಕ ಬರೆಯುವುದೋ, ಮಕ್ಕಳ ಪಾಠವೋ, ಬಟ್ಟೆ ಮಡಚುವುದೋ. ನೋಡಲು ಬರುವವರಿಗೆ ಅರ್ಧ ಗಂಟೆಯ ಮಿತಿ ಹಾಕಿ. ಅದನ್ನು ಹೇಳುವ ಕೆಲಸ ಮನೆಯ ಇನ್ನೊಬ್ಬರದಾಗಲಿ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸು ನಿಲ್ಲದೆ, ನಿದ್ದೆಯೂ ಬಾರದೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಜ್ಜೆ 8: ಮರಳಿ ಕೆಲಸಕ್ಕೆ

ಹೋಗುವ ಮುಂಚಿನ ವಾರ ತಾಲೀಮು ಮಾಡಿ. ಕೆಲಸದ ದಿನದ ಹೊತ್ತಿಗೇ ಎದ್ದು, ತಯಾರಾಗಿ, ಮೂರು ಗಂಟೆ ಕುರ್ಚಿಯಲ್ಲಿ ಕೂರಿ ಅಥವಾ ನಿಲ್ಲಿ. ವಾಹನ ಓಡಿಸುವವರು, ನಿಲ್ಲಿಸಿದ ವಾಹನದಲ್ಲಿ ಕೂತು ತುರ್ತಿಗೆ ತುಳಿಯುವಷ್ಟೇ ಜೋರಾಗಿ ಬ್ರೇಕ್ ತುಳಿದು ನೋಡಿ. ಗಾಯ ಹಿಡಿದುಕೊಂಡರೆ ಇನ್ನೂ ಕಾಲ ಬಂದಿಲ್ಲ. ಬಲವಾದ ನೋವಿನ ಮಾತ್ರೆ ನುಂಗುತ್ತಿರುವವರೆಗೆ ಓಡಿಸುವ ಮಾತೇ ಇಲ್ಲ.

ಸೋಮವಾರ ಶುರು ಮಾಡಬೇಡಿ. ವಾರದ ನಡುವೆ ಹೋದರೆ ಎರಡು ಮೂರು ದಿನಕ್ಕೆ ಬಿಡುವು ಸಿಗುತ್ತದೆ. ಮೊದಲ ವಾರ ಅರ್ಧ ದಿನ, ಎರಡನೇ ವಾರ ಮುಕ್ಕಾಲು ದಿನ ಎಂದು ಕೇಳಿನೋಡಿ. ಫಿಟ್‌ನೆಸ್ ಸರ್ಟಿಫಿಕೇಟಿನಲ್ಲಿ ಬರೀ "ಕೆಲಸಕ್ಕೆ ಯೋಗ್ಯ" ಎಂದು ಬರೆಸಿಕೊಂಡು ಬಂದರೆ ಮರುದಿನವೇ ಹಳೆಯ ಕೆಲಸವೆಲ್ಲ ಮೇಲೆ ಬೀಳುತ್ತದೆ. "ಇಂಥ ತಾರೀಕಿನವರೆಗೆ ಇಷ್ಟು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ, ಒಂದು ಗಂಟೆಗಿಂತ ಹೆಚ್ಚು ಒಂದೇ ಸಮನೆ ನಿಲ್ಲುವಂತಿಲ್ಲ" ಎಂದು ಬರೆಸಿ. ನೋಡಲು ಗಟ್ಟಿಮುಟ್ಟಾಗಿರುವ ನಿಮ್ಮ ಬಾಯಿಮಾತಿಗಿಂತ ಆ ಎರಡು ಸಾಲಿಗೆ ಬೆಲೆ ಹೆಚ್ಚು.

ಕಲೆಗೆ ಒಂದು ವರ್ಷ ಬಿಸಿಲು ತಾಗದಂತೆ ನೋಡಿಕೊಂಡರೆ ಕಪ್ಪಾಗುವುದು ಕಡಿಮೆ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಇಟ್ಟ ಆ ಫೈಲನ್ನು ಮಾತ್ರ ಎಸೆಯಬೇಡಿ. ಒಳಗೆ ಜಾಲರಿಯನ್ನೋ, ಮೂಳೆಗೆ ಲೋಹವನ್ನೋ ಕೂರಿಸಿದ್ದರೆ ಅದರ ಕಾರ್ಡನ್ನು ಬೇರೆಯಾಗಿಯೇ ತೆಗೆದಿಡಿ. ಮುಂದೆ ಎಂದಾದರೂ ಎಂಆರ್‌ಐ ತೆಗೆಯುವವರು ಮೊದಲು ಕೇಳುವುದು ಅದನ್ನೇ.